ಮಗಳದ್ದು ಪರಮಪ್ರಸಾದ, ನನ್ನದು ಕರ್ತನ ಭೋಜನ: ಎರಡೂ ಒಂದೇನಾ?

ಬಲ್ಮಠದವಳು

ಎಲ್ಲರಿಗೂ ನಮಸ್ಕಾರ. ಜಗಳ ಹಚ್ಚಲು ಬರೆಯುತ್ತಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳುತ್ತಿದ್ದೇನೆ.

ನಾನು ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಕುಟುಂಬದವಳು. ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನ. ಮದುವೆಯಾಗಿದ್ದು ಕೊಂಕಣಿ ಮಾತಾಡುವ ಕಥೋಲಿಕ ಮನೆಗೆ. ಮಗಳು ಕಥೋಲಿಕಳಾಗಿ ಬೆಳೆಯುತ್ತಿದ್ದಾಳೆ, ಮದುವೆ ಹೊತ್ತಿಗೇ ಹಾಗಂತ ಮಾತಾಗಿತ್ತು. ಅದರಲ್ಲಿ ನನಗೆ ಬೇಜಾರಿಲ್ಲ.

ಮುಂದಿನ ತಿಂಗಳು ಅವಳ ಮೊದಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ಪಡೆಯುವುದು. ಅತ್ತೆ ‘ಪಯ್ಲೊ ಕುಮ್ಗಾರ್’ ಅನ್ನುತ್ತಾರೆ. ಬಿಳಿ ಫ್ರಾಕ್ ಹೊಲಿಸಿ ಆಗಿದೆ. ಮೊನ್ನೆ ರಾತ್ರಿ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತು, ಬಲಗೈ ಮೇಲೆ ಎಡಗೈ ಇಟ್ಟು, ‘ಆಮೆನ್’ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಹಾಗೇ ತಿರುಗಿ ಕೇಳಿದಳು: "ಅಮ್ಮಾ, ನೀನೂ ನನ್ನ ಹಿಂದೆ ಲೈನಲ್ಲಿ ಬರ್ತೀಯಲ್ಲಾ?"

ಏನು ಹೇಳಲಿ? ಮದುವೆಯಾದ ಹೊಸದರಲ್ಲಿ ಒಮ್ಮೆ ಗೊತ್ತಿಲ್ಲದೆ ಸಾಲಲ್ಲಿ ಹೋಗಿ ನಿಂತಿದ್ದೆ. ಯಾವ ಊರು, ಯಾವ ಚರ್ಚು ಬೇಡ. ಫಾದರ್‌ಗೆ ನಾನು ಯಾರೆಂದು ಗೊತ್ತಿತ್ತು. ಬೈಯಲಿಲ್ಲ. ಮೆಲ್ಲಗೆ ತಲೆಯಾಡಿಸಿ ನನ್ನ ಹಿಂದಿದ್ದವರ ಕಡೆ ಕೈ ಚಾಚಿದರು. ಅಲ್ಲಿಂದ ಬೆಂಚಿಗೆ ವಾಪಸ್ ನಡೆದು ಬಂದಿದ್ದು ಇವತ್ತಿಗೂ ಮರೆತಿಲ್ಲ.

ನಮ್ಮ ಚರ್ಚಿನ ಕರ್ತನ ಭೋಜನದಲ್ಲೂ ಅದೇ ರೊಟ್ಟಿ, ಅದೇ ದ್ರಾಕ್ಷಾರಸ ಅಲ್ವಾ? ಅಮ್ಮ ಶನಿವಾರ ರಾತ್ರಿ ಒಣದ್ರಾಕ್ಷಿ ನೆನೆಹಾಕುತ್ತಿದ್ದರು. ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ, ಬಾಟಲಿಗೆ ತುಂಬುವವರೆಗೆ ಅಡುಗೆಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಅಷ್ಟು ಭಕ್ತಿ ಇದ್ದದ್ದು ಕಡಿಮೆಯದ್ದಾ? ಎಲ್ಲಿ ಬೇರೆಯಾಯಿತು ಇದು? ಗೊತ್ತಿದ್ದವರು ಹೇಳಿ.

ಧರ್ಮೋಪದೇಶದ ಟೀಚರ್

ಅಕ್ಕಾ, ಓದಿ ಕಣ್ಣು ತುಂಬಿತು. ನಾನು ಕಥೋಲಿಕಳು, ಭಾನುವಾರ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮ ನಂಬಿಕೆ ಏನು ಅಂತ ಮಾತ್ರ ಹೇಳುತ್ತೇನೆ.

ಬಲಿಪೂಜೆಯಲ್ಲಿ ಗುರುಗಳು ಯೇಸುಸ್ವಾಮಿಯ ಮಾತು ಹೇಳಿದ ಮೇಲೆ ಅದು ರೊಟ್ಟಿಯಾಗಿ ಉಳಿಯುವುದಿಲ್ಲ. ಬಣ್ಣ, ರುಚಿ, ತೂಕ ಎಲ್ಲ ಹಾಗೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಗೋಧಿಯೇ. ಆದರೆ ಅದು ‘ಏನು’ ಎಂಬುದು ಬದಲಾಗಿರುತ್ತದೆ. 1215ರ ಲ್ಯಾಟರನ್ ಮಹಾಸಭೆ ಇದಕ್ಕೆ ‘ಟ್ರಾನ್ಸಬ್ಸ್ಟಾನ್ಶಿಯೇಶನ್’ (ಸತ್ವವೇ ಬದಲಾಗುವುದು) ಎಂಬ ಮಾತು ಬಳಸಿತು. 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಮತ್ತೆ ಗಟ್ಟಿ ಮಾಡಿ ಹೇಳಿತು.

ಅದಕ್ಕೇ ಪೂಜೆ ಮುಗಿದ ಮೇಲೂ ಉಳಿದ ಪ್ರಸಾದವನ್ನು ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ದೀಪ ಉರಿಸುತ್ತೇವೆ. ಅದರ ಮುಂದೆ ಮಂಡಿಯೂರುತ್ತೇವೆ. ಒಂದು ಚೂರು ಕೆಳಗೆ ಬಿದ್ದರೂ ಎತ್ತಿಕೊಳ್ಳುತ್ತೇವೆ. ಕಳೆದ ವರ್ಷ ನನ್ನ ತರಗತಿಯ ಹುಡುಗನೊಬ್ಬನ ಕೈಯಿಂದ ಜಾರಿ ಬಿತ್ತು. ಗುರುಗಳು ಬಗ್ಗಿ, ಅದನ್ನು ಹೆಕ್ಕಿ, ತಾವೇ ಸೇವಿಸಿದರು. ಪೂಜೆಯ ನಂತರ ಆ ಜಾಗವನ್ನು ನೀರು ಹಾಕಿ ಒರೆಸಿದರು. ಹುಡುಗನಿಗೆ ನೂರು ಮಾತಲ್ಲಿ ನಾನು ಹೇಳಲಾಗದ್ದು ಅದನ್ನು ನೋಡಿ ಅರ್ಥವಾಯಿತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ಕ್ರಿಸ್ತರ ಶರೀರ’ ಅಂದಾಗ ‘ಆಮೆನ್’ ಅನ್ನುವುದಕ್ಕೆ ಎರಡು ಅರ್ಥ. ಇದು ನಿಜವಾಗಿ ಅವರೇ ಅಂತ ಒಂದು. ಇದನ್ನು ಕೊಡುವ ಸಭೆಯ ಜೊತೆ, ಅದರ ಬಿಷಪರ ಜೊತೆ ನಾನು ಒಂದಾಗಿದ್ದೇನೆ ಅಂತ ಇನ್ನೊಂದು. ಎರಡನೆಯದು ಇನ್ನೂ ಆಗಿಲ್ಲದಿರುವುದರಿಂದ ಬೇರೆ ಸಭೆಯವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಸಾವಿನ ಅಂಚಿನಲ್ಲಿದ್ದವರಿಗೆ, ಅಂಥ ದೊಡ್ಡ ಕಷ್ಟದಲ್ಲಿದ್ದವರಿಗೆ ಕೆಲವು ಷರತ್ತುಗಳ ಮೇಲೆ ದಾರಿ ಇದೆ. ನೀವು ಕಡಿಮೆಯವರು ಅಂತ ಅಲ್ಲ ಅಕ್ಕಾ. ಹಾಗೆ ನಿಮಗೆ ಅನ್ನಿಸಿದ್ದರೆ ನನಗೆ ನಿಜಕ್ಕೂ ಸಂಕಟ.

ಹರಿಹರದ ತಮ್ಮ

ಅಕ್ಕ, ನಮ್ಮದು ಚಿಕ್ಕ ಸಭೆ. ಪ್ರತಿ ಭಾನುವಾರ ರೊಟ್ಟಿ ಮುರಿಯುವ ಕೂಟ ಇರುತ್ತದೆ. ಪಾದ್ರಿ ಅಂತ ಬೇರೆ ಇಲ್ಲ, ಸಹೋದರರಲ್ಲೇ ಯಾರಾದರೂ ಎದ್ದು ಪ್ರಾರ್ಥಿಸುತ್ತಾರೆ.

ನಾವು ನಂಬುವುದು ಸರಳ. ‘ನನ್ನನ್ನು ನೆನಸಿಕೊಳ್ಳುವುದಕ್ಕೋಸ್ಕರ ಹೀಗೆ ಮಾಡಿರಿ’ ಎಂದು ಕರ್ತನು ಹೇಳಿದನು. ಆದ್ದರಿಂದ ನೆನಸಿಕೊಳ್ಳುತ್ತೇವೆ. ಆತನು ಶಿಲುಬೆಯ ಮೇಲೆ ಒಂದೇ ಸಾರಿ ಸತ್ತನು, ಅದು ಸಾಕು. ‘ಇದು ನನ್ನ ದೇಹ’ ಎಂದು ಹೇಳುವಾಗ ಆತನ ದೇಹ ಶಿಷ್ಯರ ಎದುರಿಗೇ ಕೂತಿತ್ತಲ್ಲ? ‘ನಾನೇ ಬಾಗಿಲು’ ಎಂದೂ ಹೇಳಿದನು. ಹಾಗಂತ ಮರದ ಬಾಗಿಲು ಅಂತ ಯಾರೂ ತಿಳಿಯುವುದಿಲ್ಲ.

ಆದರೆ ‘ಬರೀ ನೆನಪು’ ಅಂತ ಯಾರಾದರೂ ಅಂದರೆ ನನಗೆ ನೋವಾಗುತ್ತದೆ. ನಮ್ಮಪ್ಪ ತೀರಿಕೊಂಡ ಮೇಲೆ ಅವರ ಚಪ್ಪಲಿ ಆರು ತಿಂಗಳು ಬಾಗಿಲ ಹತ್ತಿರವೇ ಇತ್ತು. ಅಮ್ಮ ದಿನಾ ಧೂಳು ಒರೆಸಿ ಇಡುತ್ತಿದ್ದರು. ನೆನಪು ಅನ್ನುವುದು ಸಣ್ಣ ವಿಷಯ ಅಲ್ಲ.

ಹಳೇ ಹೆಂಚು

ಮಗಳೇ, ನಾನು ನಿವೃತ್ತ ಶಿಕ್ಷಕ, ನಿನ್ನ ಹಾಗೆಯೇ ಬಾಸೆಲ್ ಮಿಷನ್ ಮನೆಯವನು. ‘ಎಲ್ಲಿ ಬೇರೆಯಾಯಿತು’ ಅಂತ ಕೇಳಿದೆಯಲ್ಲ, ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಈ ಕಥೆಯ ಬಾಲ ನಮ್ಮ ಮಂಗಳೂರಿಗೇ ಬಂದು ಮುಟ್ಟುತ್ತದೆ.

1529ರ ಅಕ್ಟೋಬರ್. ಜರ್ಮನಿಯ ಮಾರ್ಬರ್ಗ್ ಕೋಟೆ. ಹೆಸ್ಸೆಯ ದೊರೆ ಫಿಲಿಪ್ ಸುಧಾರಕರನ್ನೆಲ್ಲ ಕರೆಸಿದ್ದ. ಚಕ್ರವರ್ತಿಯ ಎದುರು ಎಲ್ಲರೂ ಒಟ್ಟಾಗಬೇಕು ಅನ್ನುವುದು ಅವನ ಆಸೆ. ಒಂದು ಕಡೆ ಮಾರ್ಟಿನ್ ಲೂಥರ್, ಇನ್ನೊಂದು ಕಡೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಜ್ವಿಂಗ್ಲಿ. ಇಬ್ಬರೂ ರೋಮಿನ ಬೋಧನೆಯನ್ನು ಬಿಟ್ಟವರು. ಆದರೂ ಈ ಒಂದು ವಿಷಯದಲ್ಲಿ ಇಬ್ಬರಿಗೂ ಕೂಡಲಿಲ್ಲ.

ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಲ್ಯಾಟಿನ್‌ನ ನಾಲ್ಕು ಪದ ಬರೆದಿಟ್ಟರು. ‘ಇದು ನನ್ನ ದೇಹವಾಗಿದೆ’ ಎಂದು ಅರ್ಥ. ಮೇಲೆ ಮಖಮಲ್ ಬಟ್ಟೆ ಮುಚ್ಚಿದರು. ವಾದ ಬಿಸಿಯಾಗಿ, ಆಧಾರ ತೋರಿಸಿ ಅಂದಾಗ ಬಟ್ಟೆ ಸರಿಸಿ ಆ ಅಕ್ಷರ ತೋರಿಸಿದರು. ಅಲ್ಲಿಂದ ಒಂದು ಹೆಜ್ಜೆಯೂ ಕದಲಲಿಲ್ಲ. ಅವರ ಪ್ರಕಾರ ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಅದರ ಜೊತೆಗೇ ಕ್ರಿಸ್ತನ ದೇಹವೂ ನಿಜವಾಗಿ ಇರುತ್ತದೆ. ಬೆಂಕಿಯಲ್ಲಿ ಕಾದ ಕಬ್ಬಿಣದ ಹೋಲಿಕೆ ಅವರೇ ಕೊಟ್ಟದ್ದು. ಕುಲುಮೆಯಿಂದ ತೆಗೆದ ಕೆಂಪು ಸಲಾಕೆಯಲ್ಲಿ ಎಲ್ಲಿ ಕಬ್ಬಿಣ ಮುಗಿಯಿತು, ಎಲ್ಲಿ ಬೆಂಕಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುತ್ತದಾ? ಜ್ವಿಂಗ್ಲಿ ಪ್ರಕಾರ ‘ಆಗಿದೆ’ ಅಂದರೆ ‘ಸೂಚಿಸುತ್ತದೆ’ ಎಂದರ್ಥ. ಕ್ರಿಸ್ತನ ದೇಹ ಸ್ವರ್ಗದಲ್ಲಿದೆ, ಮೇಜಿನ ಮೇಲೆ ಇರಲಾರದು. ಅವರು 1525ರಲ್ಲೇ ಜ್ಯೂರಿಕ್‌ನಲ್ಲಿ ಬೆಳ್ಳಿ ಬಂಗಾರ ಬಿಟ್ಟು ಮರದ ತಟ್ಟೆ, ಮರದ ಬಟ್ಟಲು ತಂದಿದ್ದರು. ಜನ ಕೂತಲ್ಲಿಗೇ ರೊಟ್ಟಿ ಹೋಗುತ್ತಿತ್ತು.

ಕೊನೆಗೆ 15 ಅಂಶ ಬರೆದರು. 14ಕ್ಕೆ ಎಲ್ಲರ ಒಪ್ಪಿಗೆ. ಹದಿನೈದನೆಯದರಲ್ಲೂ ಹೆಚ್ಚಿನದಕ್ಕೆ ಒಪ್ಪಿಗೆಯೇ. ದೇಹ ಮತ್ತು ರಕ್ತ ರೊಟ್ಟಿ, ದ್ರಾಕ್ಷಾರಸದಲ್ಲಿ ಇವೆಯೋ ಇಲ್ಲವೋ ಅನ್ನುವ ಒಂದೇ ಮಾತು ಉಳಿಯಿತು. ಜ್ವಿಂಗ್ಲಿ ಕಣ್ಣೀರು ಹಾಕಿದರು. ಎರಡು ವರ್ಷಕ್ಕೆ ಯುದ್ಧಭೂಮಿಯಲ್ಲಿ ಸತ್ತರು. ಆ ಒಂದು ಮಾತಿಗಾಗಿ ಲೂಥರ್ ಕಡೆಯ ಲೂಥರನ್ ಸಭೆ, ಜ್ವಿಂಗ್ಲಿ ಕಡೆಯ ರಿಫಾರ್ಮ್ಡ್ ಸಭೆ ಯುರೋಪಿನ ಹೆಚ್ಚಿನ ಕಡೆ ಶತಮಾನಗಳ ಕಾಲ ಒಂದೇ ಮೇಜಿಗೆ ಬರಲಿಲ್ಲ. ನಡುವೆ ಜಿನೀವಾದ ಕ್ಯಾಲ್ವಿನ್ ಒಂದು ದಾರಿ ಹುಡುಕಿದರು: ಬರೀ ಗುರುತೂ ಅಲ್ಲ, ರೊಟ್ಟಿಯೊಳಗೆ ದೇಹವೂ ಅಲ್ಲ, ನಂಬಿ ತಿನ್ನುವವನನ್ನು ಪವಿತ್ರಾತ್ಮ ನಿಜವಾಗಿ ಕ್ರಿಸ್ತನ ಜೊತೆ ಸೇರಿಸುತ್ತಾನೆ ಅಂತ. ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ.

ಈಗ ಮಂಗಳೂರಿಗೆ ಬರೋಣ. ಮಾರ್ಬರ್ಗ್‌ನಲ್ಲಿ ಜ್ವಿಂಗ್ಲಿ ಪಕ್ಕ ಕೂತಿದ್ದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಎಕೊಲಂಪಾಡಿಯಸ್. ಲೂಥರ್ ಕಡೆ ಇದ್ದವರಲ್ಲಿ ಒಬ್ಬರು ಬ್ರೆಂಜ್, ಮುಂದೆ ಜರ್ಮನಿಯ ವುರ್ಟೆಂಬರ್ಗ್‌ನ ಸುಧಾರಕರಾದವರು. ಮೂರು ಶತಮಾನ ಆದ ಮೇಲೆ 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಯಾವುದು? ಬಾಸೆಲ್‌ನದು. ಅದರಲ್ಲಿ ಬಂದವರು? ಹೆಚ್ಚಿನವರು ವುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಮೋಗ್ಲಿಂಗ್ ಕೂಡ. ಅಂದರೆ ಆ ಕೋಟೆಯಲ್ಲಿ ಒಂದಾಗದೆ ಎದ್ದುಹೋದ ಎರಡು ಕಡೆಯವರ ಮಕ್ಕಳು ನಮ್ಮ ಅಜ್ಜ ಅಜ್ಜಿಯರಿಗೆ ಒಂದೇ ಬಟ್ಟಲು ಹಿಡಿದರು. 1973ರಲ್ಲಿ ಯುರೋಪಿನ ಲೂಥರನ್, ರಿಫಾರ್ಮ್ಡ್ ಸಭೆಗಳು ಕೊನೆಗೂ ಮೇಜು ಹಂಚಿಕೊಳ್ಳಲು ಒಪ್ಪಿ ಸಹಿ ಹಾಕಿದವು. ಅದು ನಡೆದದ್ದೂ ಬಾಸೆಲ್ ಹತ್ತಿರದ ಲಾಯೆನ್‌ಬರ್ಗ್‌ನಲ್ಲೇ. 444 ವರ್ಷ ಬೇಕಾಯಿತು!

ಇನ್ನೊಂದು ಮಾತು. ಲ್ಯಾಟಿನ್‌ನ ಆ ‘ಎಸ್ಟ್’ (‘ಆಗಿದೆ’) ಅನ್ನುವ ಪದದ ಮೇಲೆ ಅಷ್ಟು ಜಗಳ. ನಮ್ಮ ಬೈಬಲಿನಲ್ಲಿ ಹೇಗಿದೆ? ‘ಇದು ನನ್ನ ದೇಹ.’ ಮುಗಿಯಿತು. ಕನ್ನಡಕ್ಕೆ ಅಲ್ಲಿ ಕ್ರಿಯಾಪದವೇ ಬೇಡ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲೂ ಅದಿಲ್ಲದೆ ವಾಕ್ಯ ನಿಲ್ಲುತ್ತದೆ. ಜಗಳ ಆಡಿದ ಪದ ಆ ರಾತ್ರಿ ಅವರ ಬಾಯಲ್ಲಿ ಬಂದೇ ಇರಲಿಲ್ಲವೇನೋ ಅಂತ ಎಷ್ಟೋ ಸಲ ಅನ್ನಿಸಿದೆ.

ಧರ್ಮೋಪದೇಶದ ಟೀಚರ್

ಸರ್, ಎಷ್ಟು ಚೆನ್ನಾಗಿ ಹೇಳಿದಿರಿ. ಆದರೆ ಕೊನೆಯ ಮಾತಿಗೆ ಒಂದು ಉತ್ತರ ಇದೆ. ಕ್ರಿಯಾಪದ ಇಲ್ಲದಿದ್ದರೆ ಮಾತು ಇನ್ನೂ ಗಟ್ಟಿ. ‘ಇವಳು ನನ್ನ ಮಗಳು’ ಅಂದಾಗ ‘ಮಗಳನ್ನು ಸೂಚಿಸುತ್ತಾಳೆ’ ಅಂತ ಯಾರಾದರೂ ತಿಳಿಯುತ್ತಾರಾ?

ಹರಿಹರದ ತಮ್ಮ

ಟೀಚರ್, ಗೋಡೆ ಮೇಲಿನ ಫೋಟೋ ತೋರಿಸಿ ‘ಇದು ನಮ್ಮಪ್ಪ’ ಅಂತಲೂ ಹೇಳುತ್ತೇವೆ. ಅಲ್ಲೂ ಕ್ರಿಯಾಪದ ಇಲ್ಲ.

ಧರ್ಮೋಪದೇಶದ ಟೀಚರ್

ನಿಜ ತಮ್ಮ, ಒಪ್ಪಿದೆ. ಹಾಗಾದರೆ ವ್ಯಾಕರಣದಿಂದ ಇದು ತೀರುವುದಿಲ್ಲ. ನಾನು ಯೋವಾನ್ನನ ಸುವಾರ್ತೆಯ ಆರನೇ ಅಧ್ಯಾಯಕ್ಕೆ ಹೋಗುತ್ತೇನೆ. ‘ನನ್ನ ಮಾಂಸವೇ ನಿಜವಾದ ಆಹಾರ’ ಅಂದಾಗ ಎಷ್ಟೋ ಶಿಷ್ಯರು ‘ಇದು ಕಠಿಣವಾದ ಮಾತು’ ಅಂತ ಬಿಟ್ಟು ಹೋದರು. ‘ನಿಲ್ಲಿ, ನಾನು ಹೋಲಿಕೆಗೆ ಹೇಳಿದ್ದು’ ಅಂತ ಯೇಸುಸ್ವಾಮಿ ಕೂಗಿ ಕರೆಯಲಿಲ್ಲ. ಅದೇ ನನ್ನನ್ನು ಹಿಡಿದಿಟ್ಟಿದೆ.

ಹರಿಹರದ ತಮ್ಮ

ಅದೇ ಅಧ್ಯಾಯದಲ್ಲಿ ‘ಬದುಕಿಸುವಂಥದು ಆತ್ಮವೇ, ಮಾಂಸದಿಂದ ಪ್ರಯೋಜನವಿಲ್ಲ’ ಅಂತಲೂ ಇದೆ. ಆದರೂ ಬಿಟ್ಟು ಹೋದವರ ವಿಷಯ ಯೋಚಿಸಬೇಕಾದದ್ದೇ. ನಾನು ಆ ಭಾಗವನ್ನು ಯಾವಾಗಲೂ ಬೇಗ ದಾಟಿಬಿಡುತ್ತಿದ್ದೆ. ಇವತ್ತು ಮತ್ತೆ ಓದುತ್ತೇನೆ.

ಬಸವಕಲ್ಯಾಣದಿಂದ

ನಾನು ಕ್ರೈಸ್ತ ಅಲ್ಲ, ಲಿಂಗಾಯತ ಮನೆಯವನು. ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ‘ಪರಮಪ್ರಸಾದ’ ಎಂಬ ಪದ ನೋಡಿ ನಿಂತೆ. ನಮ್ಮ ಅಷ್ಟಾವರಣದಲ್ಲಿ ಪ್ರಸಾದವೂ ಒಂದು. ನೀವು ಹೇಳುವ ಪ್ರಸಾದವೂ ನಮ್ಮದೂ ಹತ್ತಿರವಾ? ಪ್ರೊಟೆಸ್ಟೆಂಟರು ಯಾಕೆ ಆ ಪದ ಬಿಟ್ಟು ‘ಭೋಜನ’ ಅಂದರು?

ಧರ್ಮೋಪದೇಶದ ಟೀಚರ್

ಕ್ಷಮೆ ಯಾಕೆ ಅಣ್ಣಾ, ಒಳ್ಳೆ ಪ್ರಶ್ನೆ. ಪದ ಹತ್ತಿರದ್ದೇ. ಕೃಪೆ ಎನ್ನುವ ಅರ್ಥ ನಮಗೂ ಬೇಕು. ಆದರೆ ಸಾಮಾನ್ಯವಾಗಿ ಪ್ರಸಾದ ಅಂದರೆ ದೇವರಿಗೆ ಅರ್ಪಿಸಿ ಹಿಂದಕ್ಕೆ ಪಡೆದದ್ದು. ಇಲ್ಲಿ ದೇವರು ತನ್ನನ್ನೇ ಊಟವಾಗಿ ಕೊಟ್ಟ ಅಂತ ನಂಬಿಕೆ. ಆ ‘ಪರಮ’ ಎಂಬ ಎರಡಕ್ಷರಕ್ಕಿಂತ ಜಾಸ್ತಿ ತೂಕದ ಮಾತು ನಮ್ಮಲ್ಲಿ ಇಲ್ಲ... ಮೂರಕ್ಷರ, ತಪ್ಪಾಯ್ತು.

ಹಳೇ ಹೆಂಚು

‘ಭೋಜನ’ದ ಬಗ್ಗೆ ನಾನು ಹೇಳುತ್ತೇನೆ. ಸುಧಾರಕರಿಗೆ ಮೇಜು ಮುಖ್ಯವಾಯಿತು, ಬಲಿಪೀಠ ಅಲ್ಲ. ಬಲಿ ಒಮ್ಮೆಗೇ ಮುಗಿದಿದೆ, ಈಗ ನಡೆಯುವುದು ಊಟ ಅಂತ. ಪದ ಕೇಳಿದರೇ ಯಾರು ಏನು ನಂಬುತ್ತಾರೆ ಎಂದು ತಿಳಿಯುತ್ತದೆ. ಆದರೆ ಕಥೋಲಿಕರು ಕ್ರಿಸ್ತನನ್ನು ಮತ್ತೆ ಮತ್ತೆ ಬಲಿ ಕೊಡುತ್ತಾರೆ ಅಂತ ನಮ್ಮವರು ಹೇಳುವುದು ಸರಿಯಲ್ಲ. ಅದೇ ಒಂದು ಬಲಿ ಈಗ ನಮ್ಮೆದುರು ಬರುತ್ತದೆ ಅನ್ನುವುದು ಅವರ ಮಾತು. ಇದನ್ನು ತಿಳಿಯಲು ನನಗೆ ಅರವತ್ತು ವರ್ಷ ಹಿಡಿಯಿತು.

ಚಿನ್ನದ ಗಣಿಯವನು

ಎಲ್ಲರ ಮಾತನ್ನೂ ಓದಿದೆ. ಒಂದು ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ.

ನಾನು ದಲಿತ ಕ್ರೈಸ್ತ. ತಾತ ಕೋಲಾರದ ಗಣಿ ಕೆಲಸಕ್ಕೆ ತಮಿಳು ಸೀಮೆಯಿಂದ ಬಂದವರು. ಅವರ ಹುಟ್ಟೂರಿನ ಚರ್ಚಿನಲ್ಲಿ ಬಟ್ಟಲು ಮೊದಲು ಮೇಲುಜಾತಿಯ ಕ್ರೈಸ್ತರಿಗೆ ಹೋಗುತ್ತಿತ್ತು, ಕೊನೆಗೆ ನಮ್ಮವರಿಗೆ. ಅವರು ಸಾಯುವವರೆಗೂ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯುವ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದರು. ಚಿಕ್ಕವನಾಗಿದ್ದಾಗ ಯಾಕೆ ಅಂತ ಗೊತ್ತಿರಲಿಲ್ಲ.

ಇದು ನಮ್ಮ ತಾತನೊಬ್ಬರ ಕಥೆ ಅಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಚರ್ಚಿನೊಳಗೆ ಜಾತಿ ಇರಕೂಡದು, ಕರ್ತನ ಮೇಜಿನಲ್ಲಂತೂ ಕೂಡದು ಎಂದರು. ತಂಜಾವೂರಿನ ಕಡೆ ಎಷ್ಟೋ ಜನ ಅದಕ್ಕೆ ಒಪ್ಪದೆ ಸಿಡಿದು ನಿಂತರು. ಯೋಚಿಸಿ. ರೊಟ್ಟಿಯಲ್ಲಿ ಕ್ರಿಸ್ತ ಇದ್ದಾನೆ ಅಂತ ಪೂರ್ತಿ ನಂಬಿದವರು, ಪಕ್ಕದಲ್ಲಿ ಮಂಡಿಯೂರಿದವನ ತುಟಿ ಮುಟ್ಟಿದ ಬಟ್ಟಲಿಗೆ ಹೇಸಿದರು.

ಬೈಬಲಿನಲ್ಲಿ ಪೌಲನು ಪತ್ರ ಬರೆದು ಕೊರಿಂಥದ ಸಭೆಯವರಿಗೆ ಬೈದದ್ದೂ ಇದಕ್ಕೇ. ಅಲ್ಲಿ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಕೂರುತ್ತಿದ್ದರು. ‘ದೇಹವನ್ನು ವಿವೇಚಿಸದೆ ತಿನ್ನುವವನು’ ಎಂಬ ಮಾತು ಆ ಜಾಗದಲ್ಲೇ ಬರುತ್ತದೆ. ಎಲ್ಲರೂ ಅದನ್ನು ರೊಟ್ಟಿಯ ವಿಷಯ ಅಂತ ಓದುತ್ತಾರೆ. ನನಗೆ ಅದು ಪಕ್ಕದಲ್ಲಿ ಹಸಿದು ಕೂತವನ ವಿಷಯ. ಅವನೂ ಆ ದೇಹವೇ.

ರೊಟ್ಟಿ ಏನಾಗುತ್ತದೆ ಅನ್ನುವುದು ದೊಡ್ಡ ಪ್ರಶ್ನೆ, ಇಲ್ಲ ಅನ್ನುವುದಿಲ್ಲ. ತಿಂದವರು ಏನಾಗುತ್ತಾರೆ ಅನ್ನುವುದು ನನ್ನ ಪ್ರಶ್ನೆ.

ಬಸವಕಲ್ಯಾಣದಿಂದ

ಅಣ್ಣಾ, ಕೂಡಿ ಉಣ್ಣುವ ವಿಷಯಕ್ಕೆ ನಮ್ಮ ಊರಿನಲ್ಲಿ 12ನೇ ಶತಮಾನದಲ್ಲಿ ಏನೇನಾಯಿತು ಅಂತ ನಿಮಗೆ ಗೊತ್ತೇ ಇದೆ. ನಿಮ್ಮ ತಾತನ ಎರಡು ಕೈ ಕಣ್ಣಿಗೆ ಕಟ್ಟಿತು. ಜಾಸ್ತಿ ಹೇಳಲಾರೆ.

ಹಳೇ ಹೆಂಚು

ಚಿನ್ನದ ಗಣಿಯ ತಮ್ಮಾ, ನಾನು ಇಡೀ ಮಾರ್ಬರ್ಗ್ ಹೇಳಿದೆ, ಇದನ್ನು ಹೇಳಲಿಲ್ಲ. ಹೇಳಬೇಕಿತ್ತು. ಮಂಗಳೂರಲ್ಲಿ ಬಾಸೆಲ್‌ನವರು ಜಾತಿ ಬಿಟ್ಟು ಬರಬೇಕು ಎಂದು ಪಟ್ಟು ಹಿಡಿದರು. ಹಾಗೆ ಬಂದವರಿಗೆ ಮನೆ, ಕಸುಬು ಎರಡೂ ಹೋಯಿತು. ನೇಯ್ಗೆ, ಹೆಂಚಿನ ಕಾರ್ಖಾನೆ ಹುಟ್ಟಲು ಅದೂ ಒಂದು ಕಾರಣ. ಆ ಬಟ್ಟಲಿಗೆ ನಮ್ಮ ಹಿರಿಯರು ಕೊಟ್ಟ ಬೆಲೆ ಅದು.

ಬೆಂಗಳೂರು ಸುರಿಯಾನಿ

ನಮ್ಮ ಮನೆ ಮಾತು ಮಲಯಾಳಂ, ಓದಿದ್ದು ಕನ್ನಡ ಶಾಲೆಯಲ್ಲಿ. ನಾವು ಸಿರಿಯನ್ ಆರ್ಥೊಡಾಕ್ಸ್. ನಮ್ಮಲ್ಲಿ ಇದಕ್ಕೆ ‘ಕುರ್ಬಾನ’ ಅನ್ನುತ್ತೇವೆ.

ನಮ್ಮಲ್ಲೂ ಅದು ನಿಜವಾಗಿ ಕ್ರಿಸ್ತನ ದೇಹವೇ. ಆದರೆ ಹೇಗೆ ಬದಲಾಯಿತು ಅಂತ ವಿವರಿಸಲು ಹೋಗುವುದಿಲ್ಲ. ಪವಿತ್ರಾತ್ಮ ಇಳಿದು ಬರಲಿ ಎಂದು ಅಚ್ಚನ್ (ಗುರುಗಳು) ಬೇಡಿಕೊಳ್ಳುತ್ತಾರೆ, ನಾವು ತಲೆಬಾಗಿ ನಿಲ್ಲುತ್ತೇವೆ. ಹುಳಿ ಬಂದ ಹಿಟ್ಟಿನ ರೊಟ್ಟಿ ನಮ್ಮದು. ಮಕ್ಕಳಿಗೆ ವಯಸ್ಸಿನ ಲೆಕ್ಕ ಇಲ್ಲ. ನನ್ನ ಮಗ ದೀಕ್ಷಾಸ್ನಾನದ ದಿನವೇ ಪಡೆದ, ಆಗ ಅವನಿಗೆ ಮೂರು ತಿಂಗಳು. ಅರ್ಥ ಮಾಡಿಕೊಂಡು ತಿನ್ನಬೇಕು ಅಂದರೆ ನಾನೂ ಇನ್ನೂ ಕಾಯಬೇಕಿತ್ತು.

ಅಕ್ಕನಿಗೆ ಒಂದು ವಿಷಯ. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ನಮ್ಮ ಸಭೆಯ ಆಗಿನ ಮುಖ್ಯಸ್ಥ ಪಾತ್ರಿಯಾರ್ಕ್ ಝಕ್ಕಾ ಒಂದು ಒಪ್ಪಂದ ಮಾಡಿಕೊಂಡರು. ತಮ್ಮ ಗುರುಗಳು ಸಿಗದ ಕಡೆ ಇರುವ ವಿಶ್ವಾಸಿಗಳು ಇನ್ನೊಂದು ಸಭೆಯಲ್ಲಿ ಕೇಳಿ ಪಡೆಯಬಹುದು ಅಂತ. ಸಾವಿರದೈನೂರು ವರ್ಷದ ಬಿರುಕು ಅದು. ನಿಮ್ಮದಕ್ಕೂ ಎಂದಾದರೂ ದಾರಿ ಆಗುತ್ತದೆ ಅನ್ನುವ ಆಸೆ ನನಗಿದೆ.

ಬಲ್ಮಠದವಳು

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ಪ್ರತಿಯೊಬ್ಬರದ್ದೂ ಎರಡೆರಡು ಸಲ ಓದಿದೆ. ಕೆಲವನ್ನು ಅತ್ತೆಗೂ ಓದಿ ಹೇಳಿದೆ.

ಟೀಚರ್ ಹೇಳಿದ ಮೇಲೆ ಧೈರ್ಯ ಮಾಡಿ ಈಗಿನ ಫಾದರ್ ಹತ್ತಿರ ಹೋಗಿ ಮಾತಾಡಿದೆ. ಹಳೆಯದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೊಡಲು ನನಗೆ ಆಗುವುದಿಲ್ಲ. ಆದರೆ ನೀವು ಬೆಂಚಿನಲ್ಲೇ ಕೂರಬೇಕಾಗಿಲ್ಲ. ಕೈ ಎದೆಗೆ ಕಟ್ಟಿಕೊಂಡು ಬನ್ನಿ, ಆಶೀರ್ವಾದ ಮಾಡುತ್ತೇನೆ" ಅಂದರು.

ಮಗಳಿಗೆ ಉಳಿದಿದ್ದನ್ನು ನಾನೇ ಹೇಳಿದೆ. "ನಿನ್ನ ಚರ್ಚು, ನನ್ನ ಚರ್ಚು ಒಂದು ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ತುಂಬ ದೊಡ್ಡ ವಿಷಯ, ಅದಕ್ಕೇ ಸುಮ್ನೆ ಒಪ್ಪಿದ ಹಾಗೆ ಮಾಡಬಾರದು" ಅಂದೆ. "ನಿಂಗೆ ಬೇಜಾರಾ?" ಅಂದಳು. ಹೌದು ಅಂದೆ. ಸುಳ್ಳು ಹೇಳಲಿಲ್ಲ.

ನಿನ್ನೆ ಆಯಿತು. ಅವಳು ಪಡೆದಳು, ಅವಳ ಹಿಂದೆಯೇ ನಾನು ಕೈ ಕಟ್ಟಿಕೊಂಡು ಹೋದೆ. ಫಾದರ್ ಹಣೆಯ ಮೇಲೆ ಶಿಲುಬೆ ಗುರುತು ಹಾಕಿದರು. ವಾಪಸ್ ಬರುವಾಗ ಮಗಳು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಇನ್ನೂ ಕರಗಿರಲಿಲ್ಲವಂತೆ. ಮಾತಾಡಲಿಲ್ಲ, ಮೊಣಕೈಯಿಂದ ನನ್ನನ್ನು ಒತ್ತಿ ಕೂತಳು.

ಬರುವ ಭಾನುವಾರ ನಮ್ಮ ಚರ್ಚಿನಲ್ಲಿ ಕರ್ತನ ಭೋಜನ. ದ್ರಾಕ್ಷಾರಸ ಮಾಡುವ ಸರದಿ ಈ ಸಲ ನಂದು. ಅತ್ತೆ, "ನಾನು ಕುಡಿಯಲ್ಲ, ಆದರೆ ಹಿಂಡಿ ಕೊಡ್ತೇನೆ, ನಿನ್ನ ಕೈಗೆ ಅಷ್ಟು ಬಲ ಎಲ್ಲಿದೆ" ಅಂದಿದ್ದಾರೆ. ಬಿಳಿ ಬಟ್ಟೆ ಒಗೆದು ಹಾಕಿದ್ದೇನೆ. ಒಂದು ಕೆ.ಜಿ. ಕಪ್ಪು ಒಣದ್ರಾಕ್ಷಿ ತರಬೇಕು. ಹಳೇ ಹೆಂಚು ಸರ್, ನಿಮ್ಮ ಮನೆಯಲ್ಲಿ ಒಂದು ಕೆ.ಜಿ.ಗೆ ಎಷ್ಟು ನೀರು ಹಾಕುತ್ತಿದ್ದರು? ಅಮ್ಮ ಅಳತೆ ಬರೆದಿಟ್ಟಿಲ್ಲ.

ಹಳೇ ಹೆಂಚು

ದ್ರಾಕ್ಷಿ ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು, ಮಗಳೇ. ಸಕ್ಕರೆ ಹಾಕಬೇಡ. ಒಂದು ರಾತ್ರಿ ಪೂರ್ತಿ ನೆನೆಯಲಿ.